‘ಮುಂಗಾರು ಮಳೆ’ಯ ನಂದಿನಿಯನ್ನು ಯಾರಾದರೂ ಕೇಳಿದರಾ? ಮಲೆನಾಡಿನವರು ಹೇಳಿ

ತುಂಗಾತೀರ

‘ಮುಂಗಾರು ಮಳೆ’ಯ ಕೊನೆ ನೋಡಿ ಅಳದವರು ನನ್ನ ವಯಸ್ಸಿನವರಲ್ಲಿ ಕಡಿಮೆ. 2006ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ. ಆಗ ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದ ನಮಗೆಲ್ಲ ಅದರ ನಾಯಕ ಪ್ರೀತಮ್ ಅಂದರೆ ದೊಡ್ಡ ಮನುಷ್ಯ. ಪ್ರೀತಿಸಿದವಳನ್ನು ಬಿಟ್ಟುಕೊಟ್ಟ, ಮಳೆಯಲ್ಲಿ ನೆಂದ, ಜೊತೆಗಿದ್ದ ಮೊಲ ಬೇರೆ ಸತ್ತಿತು. ಹಾಸ್ಟೆಲ್ ಹುಡುಗಿಯರೆಲ್ಲ ಮೂಗೊರೆಸಿಕೊಂಡು ಟಾಕೀಸಿನಿಂದ ಹೊರಗೆ ಬಂದಿದ್ದೆವು. ಈಚೆಗೆ ಮತ್ತೆ ನೋಡಿದೆ. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು.

ಮರೆತವರಿಗೆ ಕಥೆ ನೆನಪಿಸುತ್ತೇನೆ. ಪ್ರೀತಮ್ ಅಮ್ಮನ ಜೊತೆ ಮಡಿಕೇರಿಗೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಕಂಡು ಮನಸೋತಿದ್ದ ಹುಡುಗಿ ನಂದಿನಿ ಅಲ್ಲಿ ಮದುಮಗಳು. ಮದುವೆಗೆ ಒಂದೇ ವಾರ. ಹುಡುಗ ಗೌತಮ್, ಮನೆಯವರು ಒಪ್ಪಿದವನು. ಆ ವಾರದಲ್ಲಿ ನಂದಿನಿಯ ಮನಸ್ಸು ಪ್ರೀತಮ್ ಕಡೆ ತಿರುಗುತ್ತದೆ. ಬಾಯಿ ಬಿಟ್ಟು ಹೇಳುತ್ತಾಳೆ ಕೂಡ. ಅಷ್ಟರಲ್ಲಿ ಅವಳ ಅಪ್ಪ ಕರ್ನಲ್ ಸುಬ್ಬಯ್ಯ ತಮ್ಮ ಎದೆಯ ಕಾಯಿಲೆಯ ವಿಷಯ ಪ್ರೀತಮ್ ಹತ್ತಿರ ಹೇಳಿಕೊಳ್ಳುತ್ತಾರೆ. ಗೌತಮ್ ಜೊತೆ ಮಗಳ ಮದುವೆ ನೋಡಿದರೆ ಸಾಕು ಅನ್ನುತ್ತಾರೆ. ಪ್ರೀತಮ್ ಹಿಂದೆ ಸರಿಯುತ್ತಾನೆ.

ಈಗ ಹೇಳಿ. ಇಬ್ಬರು ಗಂಡಸರು ಮಾತಾಡಿ ಮುಗಿಸಿದರು. ಒಬ್ಬರು ಕೇಳಿಕೊಂಡರು, ಇನ್ನೊಬ್ಬ ಒಪ್ಪಿಕೊಂಡ. ಯಾರ ಮದುವೆಯೋ ಅವಳು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಪ್ರೀತಮ್ ಅವಳ ಹತ್ತಿರ ಹೋಗಿ, ‘ನಿಮ್ಮಪ್ಪ ಹೀಗಂದರು, ಏನು ಮಾಡೋಣ?’ ಅಂತ ಒಂದು ಮಾತು ಕೇಳಬಹುದಿತ್ತು. ಅವಳು ಅಪ್ಪನಿಗಾಗಿ ತಾನೇ ಬಿಟ್ಟುಕೊಟ್ಟಿದ್ದರೆ ಅದು ಅವಳ ತ್ಯಾಗ ಆಗುತ್ತಿತ್ತು. ಅದನ್ನೂ ಇವನೇ ತೆಗೆದುಕೊಂಡ. ನಾವು ಹುಡುಗಿಯರು ಕೂತು ಅವನಿಗಾಗಿ ಅತ್ತೆವು!

ಅಪ್ಪನ ಪಾತ್ರಕ್ಕೆ ಕಿವಿ ಮಂದ ಅಂತ ಇಟ್ಟದ್ದು ನಗಿಸುವುದಕ್ಕೆ. ಅನಂತ್ ನಾಗ್ ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನನಗೆ ಈ ಸಲ ನಗು ಬರಲಿಲ್ಲ. ನಮ್ಮ ಕಡೆ ಕಿವಿ ಸರಿ ಇರುವ ಅಪ್ಪಂದಿರಿಗೂ ಮಗಳ ಮದುವೆ ವಿಷಯದಲ್ಲಿ ಕಿವಿ ಕೇಳುವುದಿಲ್ಲ.

ನಿಮಗೇನನ್ನಿಸುತ್ತದೆ? ನಾನು ಸುಮ್ನೆ ಸಿನಿಮಾವನ್ನು ಅತಿಯಾಗಿ ಕೆದಕುತ್ತಿದ್ದೇನಾ?

ಬೆಂಗಳೂರು ರಾತ್ರಿ ಬಸ್ಸು

ಹೌದು, ಕೆದಕುತ್ತಿದ್ದೀರಿ ಅಕ್ಕ. ಮೊಲಕ್ಕಾದರೂ ಶಾಂತಿ ಸಿಗಲಿ ಬಿಡಿ.

ಹಳೇ ಬೆಂಚು

ನಾನು ಮೇಷ್ಟ್ರಾಗಿದ್ದು ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ. ತುಂಗಾತೀರ ಅವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪಲಾರೆ. ಆ ಸಿನಿಮಾ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕಿಂತ ಜಾಸ್ತಿ ಓಡಿತು. ಅಷ್ಟು ಜನ ಸುಮ್ಮನೆ ಹೋಗಿ ಕೂರಲಿಲ್ಲ. ಅದಕ್ಕೆ ಮೊದಲು ಬರುತ್ತಿದ್ದ ಎಷ್ಟೋ ಚಿತ್ರಗಳಲ್ಲಿ ನಾಯಕ ಮಂಟಪಕ್ಕೆ ನುಗ್ಗಿ, ನಾಲ್ಕು ಜನಕ್ಕೆ ಬಾರಿಸಿ, ಹುಡುಗಿಯ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಅಲ್ಲೂ ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ ಅನ್ನಿ. ಇಲ್ಲಿ ಒಬ್ಬ ಹುಡುಗ ಗೆಲ್ಲುವ ಆಟವನ್ನು ಕೈಯಾರೆ ಬಿಟ್ಟ. ಇನ್ನೊಬ್ಬರ ಮನೆ ಒಡೆಯಬಾರದು ಅನ್ನುವ ಒಂದು ಮರ್ಯಾದೆ ಅವನಲ್ಲಿ ಇತ್ತು. ಜನ ಅದಕ್ಕೆ ಮನಸೋತರು. ಹಾಡುಗಳು, ಮಳೆ, ಜೋಗದ ಮೇಲಿಂದ ತೆಗೆದ ಆ ದೃಶ್ಯಗಳು ಬೇರೆ. ಜೋಗ ನಮ್ಮದೇ ಜಿಲ್ಲೆಯದು, ಆದರೂ ಹಾಗೆ ನಾವು ನೋಡಿರಲಿಲ್ಲ.

ತಂದೆಯ ಕಾಯಿಲೆಗೆ ಒಬ್ಬ ಯುವಕ ಮಣಿದರೆ ಅದು ತಪ್ಪಾ? ನೀವೇ ಆ ಜಾಗದಲ್ಲಿದ್ದಿದ್ದರೆ?

ತುಂಗಾತೀರ

ಮೇಷ್ಟ್ರೇ, ಮಣಿದದ್ದು ತಪ್ಪು ಅಂದಿಲ್ಲ. ಅವಳ ಪರವಾಗಿ ಮಣಿದದ್ದು ತಪ್ಪು ಅಂದೆ. ಅಪ್ಪ ಅವಳವರು. ಕಾಯಿಲೆಯ ವಿಷಯ ಮೊದಲು ಗೊತ್ತಾಗಬೇಕಾದದ್ದು ಅವಳಿಗೆ ಅಲ್ವಾ?

ಅಡಿಕೆ ಅಂಗಳ

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು, ಮೂರು ಎಕರೆ ತೋಟ. ಇಲ್ಲಿ ಇನ್ನೊಂದು ಮಗ್ಗುಲು ಇದೆ, ಅದನ್ನೂ ಹೇಳಬೇಕು.

ನಂದಿನಿಯನ್ನು ಯಾರೂ ಕೇಳಲಿಲ್ಲ ಅಂತೀರಿ. ಸರಿ. ಈಗ ನಮ್ಮ ಕಡೆ ಬಂದು ನೋಡಿ. ಹೆಣ್ಣು ನೋಡುವುದಕ್ಕೆ ಹೋದರೆ ಪರೀಕ್ಷೆ ನಮಗೆ. ಹೋದ ಸುಗ್ಗಿಯಲ್ಲಿ ಒಂದು ಮನೆಗೆ ಹೋಗಿದ್ದೆವು. ನಾನು, ಅಪ್ಪಯ್ಯ, ಸೋದರಮಾವ. ಅಂಗಳದಲ್ಲಿ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರವಿತ್ತು. ಜಗಲಿಯಲ್ಲಿ ಕೂರಿಸಿದರು. ಕೇಸರಿಬಾತು, ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ಅಲ್ಲಿಯವರೆಗೂ ಮಾತು ಅಡಿಕೆಯ ಎಲೆಚುಕ್ಕೆ ರೋಗ, ಔಷಧಿ ಹೊಡೆಯುವವರ ಕೂಲಿ, ರಾಶಿ ಇಡಿ ಅಡಿಕೆಯ ರೇಟು. ಆಮೇಲೆ ಹುಡುಗಿಯ ಅಪ್ಪ ಶುರು ಮಾಡಿದರು. ಮಳೆಗಾಲದಲ್ಲಿ ಮನೆ ಬಾಗಿಲವರೆಗೆ ಕಾರು ಬರುತ್ತಾ? ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಾ, ಗುಡ್ಡ ಹತ್ತಬೇಕಾ? ಬೆಂಗಳೂರಿಗೆ ಹೋಗುವ ಯೋಚನೆ ಏನಾದರೂ ಇದೆಯಾ? ನಾನು ‘ಇಲ್ಲ, ತೋಟ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ’ ಅಂದೆ. ಅಲ್ಲಿಗೆ ಮುಗಿಯಿತು. ಜಾತಕ ಕೂಡಿಬರಲಿಲ್ಲ ಅಂತ ಎರಡು ದಿನ ಬಿಟ್ಟು ಫೋನು ಬಂತು. ಜಾತಕ ಮೊದಲೇ ನೋಡಿಸಿದ್ದೆವು ಮಾರಾಯ್ರೇ!

ನಮ್ಮೂರಲ್ಲಿ ಮೂವತ್ತೈದು ದಾಟಿ ಕೂತ ಗಂಡುಹುಡುಗರು ಮನೆಗೊಬ್ಬರು ಸಿಗುತ್ತಾರೆ. ಆ ಸಿನಿಮಾದ ಕಥೆ ನಮ್ಮೂರಲ್ಲಿ ನಡೆದಿದ್ದರೆ ಪ್ರೀತಮ್‌ಗೂ ಹೆಣ್ಣಿಲ್ಲ, ಗೌತಮ್‌ಗೂ ಇಲ್ಲ. ನಂದಿನಿ ಸಾಫ್ಟ್‌ವೇರ್ ಹುಡುಗನ ಜೊತೆ ವೈಟ್‌ಫೀಲ್ಡಿನಲ್ಲಿ ಇರುತ್ತಿದ್ದಳು.

ಬೆಂಗಳೂರು ರಾತ್ರಿ ಬಸ್ಸು

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ ಇಲ್ಲಿ ಹಾಜರು. ನನಗೂ ಸಿಕ್ಕಿಲ್ಲ ಅಣ್ಣ. ‘ಸ್ವಂತ ಮನೆ ಇಲ್ಲವಂತೆ’ ಅಂತ ಎದ್ದು ಹೋದರು. ನಿಮಗೆ ಮೂರು ಎಕರೆಯಾದರೂ ಇದೆ.

ಲಾಂಚ್ ತಪ್ಪಿದವಳು

ಅಡಿಕೆ ಅಂಗಳ ಅಣ್ಣಯ್ಯ ಹೇಳಿದ್ದು ನಿಜ. ನಮ್ಮದು ತುಮರಿ ಕಡೆ. ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಮ್ಮ ಹಿರಿಯರು ದ್ವೀಪದವರಾದರು. ಸಾಗರಕ್ಕೆ ಹೋಗಬೇಕಾದರೆ ಲಾಂಚ್. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ. ‘ಹೊಳೆಯಾಚೆ ಹೆಣ್ಣು ಕೊಡುವುದಿಲ್ಲ’ ಅನ್ನುವ ಮಾತು ಕೇಳಿಕೊಂಡೇ ನನ್ನ ಅಣ್ಣಂದಿರು ದೊಡ್ಡವರಾದರು. ಹೆರಿಗೆ ನೋವು ಬಂದರೆ ಏನು ಮಾಡುತ್ತೀರಿ ಅಂತ ಮುಖಕ್ಕೇ ಕೇಳುತ್ತಿದ್ದರು. ಕೇಳುವುದರಲ್ಲಿ ತಪ್ಪೇನೂ ಇಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು. ಸುಮಾರು ಎರಡೂವರೆ ಕಿಲೋಮೀಟರ್. ಸೇತುವೆ ಆದ ಮೇಲೆ ನಮ್ಮ ದೊಡ್ಡಮ್ಮ ಮೊದಲು ಮಾಡಿದ ಕೆಲಸ ಮಗನ ಜಾತಕ ಜೆರಾಕ್ಸ್ ಮಾಡಿಸಿದ್ದು!

ಆದರೆ ಅಣ್ಣಯ್ಯ, ಒಂದು ವಿಷಯ. ನಿಮ್ಮನ್ನು ಪರೀಕ್ಷೆ ಮಾಡಿದ್ದು ಹುಡುಗಿಯ ಅಪ್ಪ. ಹುಡುಗಿ ಏನು ಕೇಳಿದಳು?

ಅಡಿಕೆ ಅಂಗಳ

ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ಏನೂ ಕೇಳಲಿಲ್ಲ. ನಾನೂ ಏನೂ ಕೇಳಲಿಲ್ಲ.

ಲಾಂಚ್ ತಪ್ಪಿದವಳು

ಅದೇ ನಾನು ಹೇಳುವುದು. ಬೇಡ ಅಂದದ್ದು ಅವಳೋ ಅಪ್ಪನೋ ನಿಮಗೂ ಗೊತ್ತಿಲ್ಲ. ಅವಳಿಗೆ ತೋಟ ಇಷ್ಟ ಇದ್ದಿರಬಹುದು. ‘ಈಗ ಹುಡುಗಿಯರದ್ದೇ ಕಾಲ’ ಅಂತ ಎಲ್ಲರೂ ಅಂತಾರೆ. ಹುಡುಗಿಯರ ಅಪ್ಪಂದಿರ ಕಾಲ ಅನ್ನಿ, ಒಪ್ಪುತ್ತೇನೆ.

ಹಿನ್ನೀರಿನ ಮಾತು ಬಂತಲ್ಲ, ‘ದ್ವೀಪ’ ನೋಡಿದ್ದೀರಾ ಯಾರಾದರೂ? ನಮ್ಮ ಸಾಗರದ ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು. ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರೇ. 2002ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಬಂತು. ಸೌಂದರ್ಯ ತಾವೇ ನಿರ್ಮಾಣ ಮಾಡಿ ನಾಗಿಯ ಪಾತ್ರ ಮಾಡಿದರು. ಎಲ್ಲರೂ ಅದನ್ನು ಮುಳುಗಡೆಯ ಸಿನಿಮಾ ಅಂತಾರೆ. ನನಗೆ ಅದು ಮದುವೆಯ ಸಿನಿಮಾ.

ನೋಡಿ, ಸೀತಾಪರ್ವತದಲ್ಲಿ ನೀರು ಏರುತ್ತಾ ಬರುತ್ತದೆ. ಊರವರೆಲ್ಲ ಹೋಗಿಬಿಟ್ಟಿದ್ದಾರೆ. ಉಳಿದದ್ದು ಗಣಪ, ಅವನ ಅಪ್ಪ ದುಗ್ಗಜ್ಜ, ಹೆಂಡತಿ ನಾಗಿ. ಆಮೇಲೆ ಕೃಷ್ಣ ಅನ್ನುವ ಹುಡುಗ ಸಹಾಯಕ್ಕೆ ಬರುತ್ತಾನೆ. ಅವನು ಬಂದ ಮೇಲೆ ನಾಗಿ ನಗುತ್ತಾಳೆ. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗುವುದಿಲ್ಲ. ಗಣಪನಿಗೆ ಆ ನಗು ಸಾಕು ಅನುಮಾನ ಪಡುವುದಕ್ಕೆ. ಕೃಷ್ಣ ಹೊರಟು ಹೋಗುತ್ತಾನೆ. ಕೊನೆಗೆ ಆ ಪ್ರವಾಹದ ರಾತ್ರಿ ಮನೆಯನ್ನು, ದನಕರುವನ್ನು ಉಳಿಸುವುದು ನಾಗಿ. ಬೆಳಿಗ್ಗೆ ಗಣಪ ಅದನ್ನೆಲ್ಲ ದೇವರ ಲೆಕ್ಕಕ್ಕೆ ಹಾಕುತ್ತಾನೆ. ಆಗಿನ ಸೌಂದರ್ಯ ಅವರ ಮುಖ ನೋಡಬೇಕು. ನನ್ನ ಅಜ್ಜಿ ಆ ಸಿನಿಮಾ ನೋಡುವಾಗ ಅಲ್ಲಿಯವರೆಗೆ ಸುಮ್ಮನಿದ್ದವರು, ಆ ಜಾಗ ಬಂದಾಗ ‘ಥೂ’ ಅಂದರು.

ಪ್ರೀತಮ್ ಬಿಟ್ಟುಕೊಟ್ಟದ್ದು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಹಾಡಿದೆ. ನಾಗಿ ಕೊಟ್ಟದ್ದು ಮನೆಯಲ್ಲಿದ್ದ ಗಂಡನಿಗೇ ಕಾಣಲಿಲ್ಲ.

ತುಂಗಾತೀರ

‘ದ್ವೀಪ’ವನ್ನು ಈ ಸಾಲಿಗೆ ಸೇರಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅಜ್ಜಿಗೆ ನಮಸ್ಕಾರ.

ಸಂತೆ ಕಟ್ಟೆ

ಇದೆಲ್ಲ ನಿಮ್ಮ ಜಾತಿಯವರಲ್ಲಿ ಜಾಸ್ತಿ. ನಮ್ಮಲ್ಲಿ ಹೀಗೆಲ್ಲ ಇಲ್ಲ.

ನಿರ್ವಾಹಕ

ಜಾತಿ ಹಿಡಿದು ಮಾತು ಬೇಡ. ಹಿಂದಿನ ಸಲ ಮೀನು ಸಾರಿನ ಚರ್ಚೆಯಲ್ಲಿ ಆದದ್ದೇ ಸಾಕು.

ವಿನೋಬನಗರ ವಕೀಲೆ

ತಡವಾಗಿ ಬಂದೆ. ಕೋರ್ಟು ಕೆಲಸ. ನನಗೆ ‘ಮುಂಗಾರು ಮಳೆ’ಗಿಂತ ಅದರ ಮುಂದಿನ ವರ್ಷ ಬಂದ ‘ಮಿಲನ’ ಹೆಚ್ಚು ಹತ್ತಿರ. ಪುನೀತ್, ಪಾರ್ವತಿ. ಮನೆಯವರು ಮಾಡಿದ ಮದುವೆ. ಮೊದಲ ರಾತ್ರಿ ಅಂಜಲಿ, ‘ನಾನು ಬೇರೆಯವನನ್ನು ಪ್ರೀತಿಸುತ್ತೇನೆ, ನನಗೆ ಡೈವೋರ್ಸ್ ಬೇಕು’ ಅನ್ನುತ್ತಾಳೆ. ಆಕಾಶ್ ಕೂಗಾಡುವುದಿಲ್ಲ. ಕೊಡುತ್ತೇನೆ ಅನ್ನುತ್ತಾನೆ. ನನ್ನ ಹತ್ತಿರ ಬರುವ ಗಂಡಂದಿರಲ್ಲಿ ಹತ್ತಕ್ಕೊಬ್ಬ ಹೀಗಿದ್ದರೆ ನನ್ನ ಅರ್ಧ ಕೆಲಸ ಕಡಿಮೆ.

ಆದರೆ ಆ ಕಥೆಯಲ್ಲೂ ಒಂದು ಸುಲಭದ ದಾರಿ ಹಿಡಿದಿದ್ದಾರೆ. ಹುಡುಗಿ ಪ್ರೀತಿಸಿದ ಹುಡುಗ ಒಳ್ಳೆಯವನಲ್ಲ ಅಂತ ಮಾಡಿಬಿಟ್ಟರೆ ಗಂಡನ ಕಡೆ ವಾಲುವುದು ಅವಳಿಗೂ ಸುಲಭ, ನಮಗೂ ಸುಲಭ. ಇಬ್ಬರೂ ಒಳ್ಳೆಯವರಾಗಿದ್ದು ಅವಳು ಒಬ್ಬನನ್ನು ಆರಿಸಿಕೊಳ್ಳುವ ಹಾಗೆ ಬರೆಯುವುದು ಕಷ್ಟ. ಬರೆದರೆ ಅವಳ ಆಯ್ಕೆಗೆ ತೂಕ ಬರುತ್ತದೆ.

ಈಗ ಕಾನೂನಿನ ಮಾತು. ಇಂಥ ಸಿನಿಮಾ ನೋಡಿ ಬಂದು ನನ್ನ ಹತ್ತಿರ ಏನೇನೋ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಹಿಂದೂ ವಿವಾಹ ಕಾಯ್ದೆ 1955ರದ್ದು. ಮದುವೆಗೆ ಒಪ್ಪಿಗೆಯನ್ನು ಬಲವಂತದಿಂದ ಅಥವಾ ಮೋಸದಿಂದ ಪಡೆದಿದ್ದರೆ ಆ ಮದುವೆಯನ್ನೇ ರದ್ದು ಮಾಡಿ ಅಂತ 12ನೇ ಕಲಮಿನಲ್ಲಿ ಕೇಳಬಹುದು. ಬಲವಂತ ನಿಂತ ಮೇಲೆ ಅಥವಾ ಮೋಸ ಗೊತ್ತಾದ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಷ್ಟರಲ್ಲಿ ಮನಸಾರೆ ಸಂಸಾರ ಮಾಡಿದ್ದರೆ ಈ ದಾರಿ ಮುಚ್ಚಿತು. ‘ಅಪ್ಪನಿಗೆ ಹಾರ್ಟ್ ಪ್ರಾಬ್ಲಂ, ಬೇಡ ಅಂದರೆ ಸತ್ತೇಹೋಗುತ್ತಾರೆ ಅಂದರು’ ಅನ್ನುವುದನ್ನು ಕೋರ್ಟಿನಲ್ಲಿ ಬಲವಂತ ಅಂತ ಸಾಬೀತು ಮಾಡುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ. ಹೊಡೆದದ್ದಕ್ಕೆ ಗಾಯ ಇರುತ್ತದೆ. ಅತ್ತದ್ದಕ್ಕೆ ಸಾಕ್ಷಿ ಯಾರು?

ಡೈವೋರ್ಸ್ ಅರ್ಜಿಯನ್ನು ಮದುವೆಯಾದ ಒಂದು ವರ್ಷದೊಳಗೆ ಸಾಮಾನ್ಯವಾಗಿ ಹಾಕುವ ಹಾಗಿಲ್ಲ. ಇಬ್ಬರೂ ಒಪ್ಪಿದರೆ 13ಬಿ ಕಲಮು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಅಂದರೆ ಬೇರೆ ಬೇರೆ ಮನೆಯೇ ಆಗಬೇಕಾಗಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೇ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆಕಾಶ್–ಅಂಜಲಿ ಗೆಳೆಯರ ಹಾಗೆ ಒಂದೇ ಮನೆಯಲ್ಲಿ ಇದ್ದರಲ್ಲ, ಅಂಥದ್ದು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಸರಿಯಾದ ಕಾರಣ ಇದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರಿಂದ ಇದೆ.

ಇದೆಲ್ಲ ಮದುವೆ ಆದ ಮೇಲಿನ ಮಾತು. ಮದುವೆಗೆ ಮೊದಲು ‘ಬೇಡ’ ಅನ್ನುವುದಕ್ಕೆ ಯಾವ ಕಲಮೂ ಬೇಕಿಲ್ಲ. ಖರ್ಚೂ ಇಲ್ಲ.

ಮಂಡಗದ್ದೆ ಬೆಳ್ಳಕ್ಕಿ

ವಕೀಲ ಮೇಡಂ, ಖರ್ಚು ಇದೆ. ನಾನು ಮಾಡಿದ್ದೇನೆ, ಹೇಳುತ್ತೇನೆ ಕೇಳಿ.

ನನ್ನ ನಿಶ್ಚಿತಾರ್ಥ ಆಗಿತ್ತು. ಹುಡುಗ ಕೆಟ್ಟವನೇನಲ್ಲ. ನನಗೆ ಬೇರೆ ಒಬ್ಬರ ಮೇಲೆ ಮನಸ್ಸಿತ್ತು, ಮನೆಯಲ್ಲಿ ಹೇಳಿಯೂ ಇದ್ದೆ. ‘ಎಲ್ಲ ಸರಿಹೋಗುತ್ತದೆ’ ಅಂದರು. ನಿಶ್ಚಯದ ದಿನ ಸೀರೆ ಉಡಿಸಿ ಕೂರಿಸಿದರು, ಕೂತೆ. ಲಗ್ನಪತ್ರಿಕೆಯ ಪ್ರೂಫ್ ಮನೆಗೆ ಬಂತು. ನನ್ನ ಹೆಸರಿನಲ್ಲಿ ಒಂದು ಒತ್ತು ತಪ್ಪಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಕೂತಿದ್ದರು. ಅಲ್ಲೇ ಹೇಳಿದೆ, ‘ಅಪ್ಪ, ತಿದ್ದಬೇಡಿ. ನಾನು ಆಗುವುದಿಲ್ಲ.’

ಆಮೇಲೆ ಆದದ್ದು ಸಿನಿಮಾದ ಹಾಗಲ್ಲ. ಯಾರೂ ಎದೆ ಹಿಡಿದುಕೊಂಡು ಬೀಳಲಿಲ್ಲ. ಅಪ್ಪ ಪೆನ್ನಿನ ಮುಚ್ಚಳ ಹಾಕಿ ತೋಟಕ್ಕೆ ಹೋದರು. ಅಮ್ಮ ಅತ್ತರು. ಅದಾದ ಮೇಲೆ ಶುರುವಾದದ್ದು ಲೆಕ್ಕ. ಛತ್ರದ ಅಡ್ವಾನ್ಸ್ ವಾಪಸ್ ಬರುವುದಿಲ್ಲ ಅಂದರು. ಅಡುಗೆಯವರು ಮಾತ್ರ ಒಳ್ಳೆಯವರು, ಮುಂದೆ ಯಾವುದಾದರೂ ಕಾರ್ಯ ಇದ್ದರೆ ಕರೆಯಿರಿ ಅಂತ ಅರ್ಧ ವಾಪಸ್ ಕೊಟ್ಟರು. ಅವರು ಕೊಟ್ಟ ಸೀರೆ, ಉಂಗುರ ನಾವು ಕೊಟ್ಟುಬಂದೆವು. ನಾವು ಕೊಟ್ಟ ವಾಚು ಅವರು ಕಳಿಸಿದರು. ಹುಡುಗನ ಮನೆಗೆ ಹೋಗಿ ಹೇಳುವುದು ಯಾರು ಅನ್ನುವುದೇ ದೊಡ್ಡ ಜಗಳ. ಕೊನೆಗೆ ಅಪ್ಪನೇ ಹೋದರು. ಅಲ್ಲಿ ಏನಾಯಿತು ಅಂತ ಇವತ್ತಿಗೂ ಹೇಳಿಲ್ಲ.

ಎರಡು ವರ್ಷ ನೆಂಟರ ಮನೆಯ ಕಾರ್ಯಗಳಿಗೆ ನಾನು ಹೋಗಲಿಲ್ಲ. ಹೋದರೆ ಪಿಸುಪಿಸು. ನನ್ನ ತಂಗಿಗೆ ಸಂಬಂಧ ನೋಡುವಾಗ ಅಲ್ಲೂ ನನ್ನ ವಿಷಯ ಎತ್ತಿದರು. ಇದೇ ಖರ್ಚು ಮೇಡಂ. ಕೊಡಬಹುದಾದ ಖರ್ಚು. ನಾನು ಕೊಟ್ಟೆ.

ಮನಸ್ಸಿದ್ದವರ ಜೊತೆ ಮದುವೆ ಆಯಿತಾ ಅಂತ ಕೇಳಬೇಡಿ. ಅದು ಬೇರೆ ಕಥೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಳೇ ಬೆಂಚು

ಅಮ್ಮಾ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ತಂದೆಯವರು ದೊಡ್ಡವರು.

ನನ್ನ ವಾದ ಪೂರ್ತಿ ಬಿಟ್ಟಿಲ್ಲ, ಆದರೆ ಒಂದು ವಿಷಯ ನಾನೇ ನಿಮ್ಮ ಪರವಾಗಿ ಸೇರಿಸುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನೆನಪಿಸಿಕೊಳ್ಳಿ. 1967ರ ಕಾದಂಬರಿ, ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇದೇ ತೀರ್ಥಹಳ್ಳಿಯ ಸುತ್ತಿನ ಕಾಡಿನಲ್ಲಿ. ಅಲ್ಲಿ ಚಿನ್ನಮ್ಮ ಮದುವೆಯ ಹಿಂದಿನ ರಾತ್ರಿ ಮನೆ ಬಿಟ್ಟು ಕಾಡು ಸೇರುತ್ತಾಳೆ. ತಾನು ಪ್ರೀತಿಸಿದ ಮುಕುಂದಯ್ಯ ಬಂದು ಎತ್ತಿಕೊಂಡು ಹೋಗಲಿ ಅಂತ ಕೂರುವುದಿಲ್ಲ. ಕತ್ತಲು, ಕಾಡು, ತಾನೇ ಹೆಜ್ಜೆ ಇಡುತ್ತಾಳೆ. ಅತ್ತ ತಿಮ್ಮಿಯನ್ನು ಬಚ್ಚನಿಗೆ ಕೊಡಬೇಕು ಅಂತ ಒಡೆಯರು ನಿಶ್ಚಯಿಸಿದ್ದರೆ, ಅವಳು ಗುತ್ತಿಯ ಜೊತೆ ಹೊರಟುಬಿಡುತ್ತಾಳೆ. ಒಬ್ಬಳು ಒಕ್ಕಲಿಗರ ಮನೆಯ ಮಗಳು, ಇನ್ನೊಬ್ಬಳು ದುಡಿಯುವವರ ಮಗಳು. ಕಷ್ಟ ಇಬ್ಬರದ್ದೂ ಒಂದೇ ಅಲ್ಲ, ತಿಮ್ಮಿಯ ಅಪ್ಪ ಅಮ್ಮನಿಗೂ ಅವಳ ಮದುವೆ ನಿಶ್ಚಯಿಸುವ ಸ್ವಾತಂತ್ರ್ಯ ಇರಲಿಲ್ಲ. ತುಂಗಾತೀರ ಅವರು ಕೇಳುವ ಪ್ರಶ್ನೆಗೆ ನಮ್ಮ ಊರಿನ ದೊಡ್ಡ ಲೇಖಕರು ಆಗಲೇ ಹೀಗೆ ಬರೆದಿದ್ದಾರೆ. ಸಿನಿಮಾದ ನಂದಿನಿ ಚಿನ್ನಮ್ಮನಿಗಿಂತ ಹಿಂದೆ ಉಳಿದಳು ಅಂತ ಬೇಕಾದರೆ ಒಪ್ಪುತ್ತೇನೆ.

ಕುವೆಂಪು ಅವರೇ ಮಂತ್ರ ಮಾಂಗಲ್ಯವನ್ನೂ ಕೊಟ್ಟರಲ್ಲ. ತೇಜಸ್ವಿ–ರಾಜೇಶ್ವರಿ ಅವರ ಮದುವೆ 1966ರಲ್ಲಿ ಆದದ್ದು ಹಾಗೆಯೇ. ಪುರೋಹಿತರಿಲ್ಲ, ವಾಲಗ ಇಲ್ಲ, ವಧೂವರರು ತಮ್ಮ ಬಾಯಿಂದಲೇ ಪ್ರಮಾಣ ಹೇಳಬೇಕು. ನಾನು ಕುಪ್ಪಳಿಯಲ್ಲಿ ನನ್ನ ಇಬ್ಬರು ಶಿಷ್ಯರ ಮದುವೆ ಹಾಗೆ ಆದದ್ದು ನೋಡಿದ್ದೇನೆ. ಹುಡುಗಿ ಮೈಕಿಲ್ಲದೆ, ಹಿಂದಿನ ಸಾಲಿಗೂ ಕೇಳುವ ಹಾಗೆ ಓದಿದಳು. ಹುಡುಗನ ದನಿ ನಡುಗುತ್ತಿತ್ತು.

ವಿನೋಬನಗರ ವಕೀಲೆ

ಮೇಷ್ಟ್ರೇ, ಮಂತ್ರ ಮಾಂಗಲ್ಯ ಆದವರಿಗೆ ಒಂದು ಕಿವಿಮಾತು. ಪ್ರಮಾಣ ಓದಿದ ಮೇಲೆ ನೋಂದಣಿ ಮರೆಯಬೇಡಿ. ವಿಶೇಷ ವಿವಾಹ ಕಾಯ್ದೆ, 1954ರದ್ದು, ಅದರಲ್ಲಿ ಮದುವೆ ಆಗುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಆ ನೋಟಿಸ್ ನೋಂದಣಿ ಕಚೇರಿಯ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ತಾಲ್ಲೂಕು ಊರುಗಳಲ್ಲಿ ಪಹಣಿ ತರುವುದಕ್ಕೆ ಬಂದ ಚಿಕ್ಕಪ್ಪನ ಕಣ್ಣಿಗೆ ಬೀಳುವುದು ಅದೇ ಬೋರ್ಡು. ಮನೆಯವರಿಗೆ ಹೇಳದೆ ಆಗಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಗೌತಮ್ ಪಾರ್ಟಿ

ಎಲ್ಲ ಓದಿದೆ. ಯಾರೂ ಗೌತಮ್ ಬಗ್ಗೆ ಮಾತೇ ಆಡಿಲ್ಲ. ಅದಕ್ಕೆ ಹೊಸ ಅಕೌಂಟ್ ಮಾಡಿಕೊಂಡು ಬಂದೆ.

ನಂದಿನಿಯನ್ನು ಕೇಳಲಿಲ್ಲ, ಒಪ್ಪಿದೆ. ಆದರೆ ನಂದಿನಿಗೆ ಕನಿಷ್ಠ ತನ್ನ ಮನಸ್ಸು ಗೊತ್ತು. ಪ್ರೀತಮ್‌ಗೂ ಗೊತ್ತು. ಏನೂ ಗೊತ್ತಿಲ್ಲದೆ ಬಾಸಿಂಗ ಕಟ್ಟಿಕೊಂಡು ಬಂದು ನಿಂತವನು ಗೌತಮ್ ಒಬ್ಬನೇ. ನಮ್ಮ ದಿಗಂತ್ ಮಾಡಿದ ಪಾತ್ರ, ಸಾಗರದ ಹುಡುಗ ಅಂತ ನಾವೆಲ್ಲ ಶಿಳ್ಳೆ ಹೊಡೆದದ್ದೇ ಹೊಡೆದದ್ದು. ಆ ಗೌತಮ್ ಮುಂದಿನ ನಲವತ್ತು ವರ್ಷ ಏನು ಮಾಡಿದ ಅಂತ ಯಾರಾದರೂ ಯೋಚಿಸಿದ್ದೀರಾ? ಮಳೆ ಬಂದಾಗಲೆಲ್ಲ ಹೆಂಡತಿ ಕಿಟಕಿಯ ಹತ್ತಿರ ಹೋಗಿ ಯಾಕೆ ನಿಲ್ಲುತ್ತಾಳೆ ಅಂತ ಅವನಿಗೆ ಹೇಳುವವರು ಯಾರು?

ನಾನು ಗೌತಮ್ ಆಗುವವನಿದ್ದೆ. ಸಂಬಂಧ ಕೂಡಿಬಂದಿತ್ತು, ಎರಡೂ ಮನೆಯವರು ಒಪ್ಪಿ ಮಾತು ಮುಗಿಸಿದ್ದರು. ನಿಶ್ಚಿತಾರ್ಥಕ್ಕೆ ಮೊದಲು ಹುಡುಗಿ ಫೋನ್ ಮಾಡಿದಳು. ನನ್ನ ನಂಬರ್ ಹೇಗೆ ಸಿಕ್ಕಿತೋ. ‘ನನಗೆ ಬೇರೆ ಒಬ್ಬರಿದ್ದಾರೆ. ಮನೆಯಲ್ಲಿ ಹೇಳುವ ಧೈರ್ಯ ಇಲ್ಲ. ನೀವೇ ಬೇಡ ಅನ್ನುತ್ತೀರಾ?’ ಅಂದಳು. ನಾನು ಆಗ ಶಿವಪ್ಪನಾಯಕ ಸರ್ಕಲ್ಲಿನ ಹತ್ತಿರ ಬೈಕ್ ನಿಲ್ಲಿಸಿ ಮಾತಾಡುತ್ತಿದ್ದೆ. ಪಕ್ಕದಲ್ಲಿ ಹೂ ಮಾರುವವಳು ಮೊಳ ಹಾಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಿನ್ನ ಜಗಳ ನೀನೇ ಆಡು ಅನ್ನಬೇಕು ಅನ್ನಿಸಿತು.

ಆದರೂ ಬೇಡ ಅಂದೆ. ಕಾರಣ ಏನು ಅಂತ ಮನೆಯಲ್ಲಿ ಕೇಳಿದರು. ಇಷ್ಟ ಆಗಲಿಲ್ಲ ಅಂದೆ. ‘ಅಷ್ಟು ಒಳ್ಳೆಯ ಹುಡುಗಿ, ಇವನಿಗೆ ಸೊಕ್ಕು’ ಅಂದರು. ಅಮ್ಮ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಸಂಬಂಧ ತಂದ ದೊಡ್ಡಪ್ಪ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಇದಕ್ಕೂ ಯಾರೂ ಹಾಡು ಬರೆಯುವುದಿಲ್ಲ, ಪರವಾಗಿಲ್ಲ. ಆದರೆ ಅವಳು ಫೋನ್ ಮಾಡಿದಳಲ್ಲ, ಅದಕ್ಕೆ ನಾನು ಋಣಿ. ಮಾಡದಿದ್ದರೆ ಇಬ್ಬರೂ ಮುಳುಗುತ್ತಿದ್ದೆವು.

ಮಂಡಗದ್ದೆ ಬೆಳ್ಳಕ್ಕಿ

ನಮ್ಮಪ್ಪ ಹೋಗಿ ಹೇಳಿ ಬಂದ ಮನೆಯಲ್ಲೂ ನಿಮ್ಮಂಥವರು ಇದ್ದಿರಬಹುದು ಅಂತ ಈಗ ಅನ್ನಿಸುತ್ತಿದೆ. ಆ ಹುಡುಗನಿಗೆ ನಾನು ಒಂದು ಫೋನೂ ಮಾಡಿರಲಿಲ್ಲ.

ತುಂಗಾತೀರ

ಗೌತಮ್ ಪಾರ್ಟಿ ಅವರೇ, ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಅವಳು ನಿಮಗೆ ಹೇಳಿದಳು, ನೀವು ಕೇಳಿದಿರಿ. ಮನೆಯಲ್ಲಿ ಮಾತ್ರ ಹೇಳಲಾಗಲಿಲ್ಲ. ಸ್ವಂತ ಅಪ್ಪ ಅಮ್ಮನಿಗಿಂತ, ಮುಖ ನೋಡದ ಗಂಡಿನ ಹತ್ತಿರ ಹೇಳುವುದು ಸುಲಭ ಅನ್ನಿಸಿದ್ದು ನನಗೆ ಬೇಜಾರು.

ಅಡಿಕೆ ಅಂಗಳ ಅವರೇ, ಮುಂದಿನ ಸಲ ಹುಡುಗಿಯ ಹತ್ತಿರ ಹತ್ತು ನಿಮಿಷ ಮಾತಾಡುತ್ತೇನೆ ಅಂತ ನೀವೇ ಕೇಳಿ. ಅಪ್ಪನ ರೇಟು, ರೋಗ ಎಲ್ಲ ಆಮೇಲೆ.

ಅಡಿಕೆ ಅಂಗಳ

ಕೇಳುತ್ತೇನೆ. ಸೋದರಮಾವನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಮಾತೆಲ್ಲ ಅವರೇ ಆಡುತ್ತಾರೆ.

ಬೆಂಗಳೂರು ರಾತ್ರಿ ಬಸ್ಸು

ಅಣ್ಣ, ಆ ಹತ್ತು ನಿಮಿಷದಲ್ಲಿ ಎಲೆಚುಕ್ಕೆ ರೋಗದ ಬಗ್ಗೆ ಮಾತ್ರ ಮಾತಾಡಬೇಡಿ.

ಒಂದು ಪ್ರಶ್ನೆ. ‘ದ್ವೀಪ’ ಎಲ್ಲಾದರೂ ಒಟ್ಟಿಗೆ ನೋಡಬಹುದಾ? ಹೆಗ್ಗೋಡಿನಲ್ಲಿ ಯಾವಾಗಲಾದರೂ ಹಾಕುತ್ತಾರಾ? ಅಲ್ಲಿನ ರಂಗಸಂಸ್ಥೆ ನೀನಾಸಂ ಕಡೆಯ ಪರಿಚಯ ಇರುವವರು ಹೇಳಿ. ನಾನು ರಜೆ ಹಾಕಿ ಬರುತ್ತೇನೆ.

ಲಾಂಚ್ ತಪ್ಪಿದವಳು

ವಿಚಾರಿಸುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ. ಈಗ ಸೇತುವೆ ಇದೆ, ಸಂಜೆ ಆಟ ಆದರೂ ಚಿಂತೆಯಿಲ್ಲ. ಗೌತಮ್ ಪಾರ್ಟಿ ಅವರೇ, ಅಮ್ಮ ಈಗ ಮಾತಾಡುತ್ತಾರಾ?

ಗೌತಮ್ ಪಾರ್ಟಿ

ಮಾತಾಡುತ್ತಾರೆ. ಇನ್ನೊಂದು ಜಾತಕ ತಂದಿದ್ದಾರೆ. ಮೊದಲು ಹುಡುಗಿಯ ನಂಬರ್ ಕೊಡಿಸಿ, ಅವಳ ಹತ್ತಿರ ಮಾತಾಡಿದ ಮೇಲೆ ಉಳಿದದ್ದು ಅಂದಿದ್ದೇನೆ. ‘ಅದೆಲ್ಲ ನಿಶ್ಚಯ ಆದ ಮೇಲೆ’ ಅಂತಿದ್ದಾರೆ. ಮನೆಯಲ್ಲಿ ಅದೇ ಜಗಳ ನಡೆಯುತ್ತಿದೆ.